ಇಫ್ತಾರಿಗೆ ಮುಂಚಿನ ಕೂಗು

ಕಾಲುವೆಯ ಸೇತುವೆಯ ದುರಸ್ತಿ ಶುರುವಾದ ಮೇಲೆ ಮನ್ನೂಬಿಯಾ ಅದನ್ನು ತಲೆಯೆತ್ತಿ ನೋಡುವುದನ್ನೇ ಬಿಟ್ಟಿದ್ದಳು. ದಿನಾ ಸಂಜೆ ಅದರ ಬುಡಕ್ಕೇ ಹೋಗಬೇಕು. ಆದರೂ ನೆಲ ನೋಡಿಕೊಂಡು ಹೋಗಿ, ನೆಲ ನೋಡಿಕೊಂಡೇ ಬರುತ್ತಿದ್ದಳು. ಚಳಿಗಾಲದಲ್ಲಿ ಅವಳ ಗಂಡ ಬೂರಾವಿ, ಮೀನು ಹಿಡಿಯಲೆಂದು ಕಡಲಿಗೆ ಹೋದವನು, ತಿರುಗಿ ಬರಲಿಲ್ಲ. ಸಂಜೆ ದೋಣಿ ಮಾತ್ರ ತಾನೇ ತಾನಾಗಿ ತೇಲುತ್ತ ದಡಕ್ಕೆ ಬಂದಿತ್ತು. ಅಂದಿನಿಂದ ನೀರಿನ ಹತ್ತಿರ ಇರುವುದೆಲ್ಲ ಅವಳಿಗೆ ಬಾಯಿ ತೆರೆದುಕೊಂಡು ಕಾಯುತ್ತಿರುವಂತೆ ಕಾಣುತ್ತಿತ್ತು. ಈಗ ಉಳಿದಿರುವ ಒಬ್ಬನೇ ಮಗ ತ್ರಾಕಿ, ಆ ಸೇತುವೆಯ ಹೊಟ್ಟೆಯೊಳಗೇ ಇಳಿದು ಕೆಲಸ ಮಾಡುತ್ತಿದ್ದ.

ರಾಜಧಾನಿ ತೂನಿಸ್‌ನಿಂದ ಬರುವ ರಸ್ತೆ ಆ ಸೇತುವೆಯ ಮೇಲೆ ಕಾಲುವೆಯನ್ನು ದಾಟಿ ಊರೊಳಗೆ ಹೋಗುತ್ತದೆ. ಹಡಗು ಬಂದಾಗ ಸೇತುವೆಯ ನಡುವಿನ ತುಂಡು ಮೇಲೆದ್ದು ದಾರಿ ಬಿಡುತ್ತದೆ. ಮುಂಭಾಗ ಮೇಲೇರಿದ ಹಾಗೆ, ಹಿಂಭಾಗಕ್ಕೆ ಸೇರಿಸಿರುವ ಕಾಂಕ್ರೀಟಿನ ತೂಕ ತಕ್ಕಡಿಯ ತಟ್ಟೆಯಂತೆ ದಡದ ಹೊಂಡದೊಳಗೆ ಇಳಿಯುತ್ತದೆ. ನಾಲ್ಕು ಮನೆಗಳನ್ನು ಒತ್ತಿ ಕಟ್ಟಿದಷ್ಟು ದೊಡ್ಡ ತೂಕ ಅದು. ಆ ಹೊಂಡದ ಗೋಡೆಗಳನ್ನು ಉಪ್ಪುನೀರು ತಿಂದುಹಾಕಿತ್ತು. ಕೊಳೆತ ಗಾರೆಯನ್ನು ಕೆರೆದು ತೆಗೆದು ಹೊಸದಾಗಿ ಮೆತ್ತುವ ಕೆಲಸ ತ್ರಾಕಿ ಮತ್ತು ಅವನ ಜೊತೆಯವರದು.

ಹಗಲೆಲ್ಲ ಹೊಂಡದಲ್ಲಿ ಜನ ಇರುವುದರಿಂದ, ಮೊದಲಿನಂತೆ ಹಡಗು ಬಂದಾಗಲೆಲ್ಲ ಸೇತುವೆ ಎತ್ತುವಂತಿರಲಿಲ್ಲ. ದುರಸ್ತಿ ಮುಗಿಯುವ ತನಕ ದಿನಕ್ಕೆ ಎರಡೇ ಸಲ ಎಂದು ಗೊತ್ತುಮಾಡಿದ್ದರು. ಬೆಳಗಿನ ಜಾವ ಸಹರಿ ಊಟದ ಹೊತ್ತಿಗೆ ಒಂದು ಸಲ, ಸಂಜೆ ಉಪವಾಸ ಬಿಡುವ ಇಫ್ತಾರ್ ಆಗಿ ಜನ ಊಟಕ್ಕೆ ಕುಳಿತ ಮೇಲೆ ಇನ್ನೊಂದು ಸಲ. ರಂಜಾನ್ ತಿಂಗಳಲ್ಲಿ ಆ ಎರಡು ಹೊತ್ತು ರಸ್ತೆಯಲ್ಲಿ ಬೆಕ್ಕು ಕೂಡ ಸುಳಿಯುವುದಿಲ್ಲ. ಸೂರ್ಯ ಮುಳುಗಿದಾಗ ಕೋಟೆಯ ಮೇಲಿನಿಂದ ಇಫ್ತಾರ್ ಸೈರನ್ ಕೂಗುತ್ತದೆ; ಕೆಲಸದವರು ಹೊಂಡದಿಂದ ಮೇಲೆ ಬಂದು ಸೇತುವೆಯ ಗೇಟಿನ ಬಳಿ ಕುಳಿತು ಉಣ್ಣುತ್ತಾರೆ; ಉಂಡಾದ ಮೇಲೆ ಸೇತುವೆಯ ಸೈರನ್ ಕೂಗುತ್ತದೆ. ಎರಡರದೂ ಒಂದೇ ಬಗೆಯ ಉದ್ದನೆಯ ಊಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಅದರ ಬಗ್ಗೆ ತಲೆಕೆಡಿಸಿಕೊಂಡಿರಲಿಲ್ಲ.

ಅಂದು ಮಧ್ಯಾಹ್ನ ಕೆಲಸಕ್ಕೆ ಹೊರಟ ಮಗನನ್ನು ಮನ್ನೂಬಿಯಾ ಬಾಗಿಲಲ್ಲೇ ತಡೆದಳು.

"ನಿನ್ನೆ ಸೈರನ್ ಆಗಿ ಎಷ್ಟೋ ಹೊತ್ತಾದ ಮೇಲೆ ಮೇಲೆ ಬಂದ್ಯಲ್ಲೋ."

"ಏಣಿ ಹತ್ತಬೇಕಲ್ಲಮ್ಮ. ಹಾರಿಕೊಂಡು ಬರೋಕೆ ನಾನೇನು ಕಡಲಹಕ್ಕಿನಾ?"

"ಉಪವಾಸ ಬಿಡೋದನ್ನ ತಡ ಮಾಡಬಾರದು ಕಣೋ. ನಿಮ್ಮಪ್ಪ ಕೈಯಲ್ಲಿ ಬಲೆ ಇದ್ರೂ ಸೈರನ್ ಕೇಳಿದ ತಕ್ಷಣ ಖರ್ಜೂರ ಬಾಯಿಗೆ ಹಾಕ್ಕೋತಿದ್ರು. ನೀನೂ ಹಾಗೇ ಮಾಡು. ಇದ್ದಲ್ಲೇ ಕೂತ್ಕೋ, ಖರ್ಜೂರ ತಿನ್ನು, ನೀರು ಕುಡಿ, ಸಂಜೆಯ ಮಗ್ರಿಬ್ ನಮಾಜು ಮುಗಿಸು. ಆಮೇಲೆ ನಿಧಾನಕ್ಕೆ ಹತ್ತಿ ಬಾ. ಸೂಪು ಎಲ್ಲೂ ಓಡಿಹೋಗಲ್ಲ."

"ಆಯ್ತು. ಮುಫ್ತಿ ಸಾಹೇಬರೇ ಹೇಳಿದ ಮೇಲೆ ಇನ್ನೇನು" ಎಂದು ಅವನು ನಕ್ಕು, ಅವಳು ಕೊಟ್ಟ ಖರ್ಜೂರದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

ಅವನ ಕಾಲಲ್ಲಿ ಬೂರಾವಿಯ ಚರ್ಮದ ಬೂಟುಗಳಿದ್ದವು. ಅವನವು ಹರಿದುಹೋಗಿದ್ದವು. ತಂದೆಯವನ್ನು ಹಾಕಿಕೋ ಎಂದು ಅವಳೇ ಆ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದಳು. ಹೊಂಡಕ್ಕೆ ಇಳಿಯುವವರು ಬೂಟುಗಳನ್ನು ಮೇಲೆ ಬಿಟ್ಟು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಳ್ಳುವುದು ಪದ್ಧತಿ. ಅವಳು ಹೊರಗೆ ಕೈಯೊಡ್ಡಿ ಗಾಳಿಯ ಜೋರನ್ನು ನೋಡಿದಳು.

"ಇವತ್ತು ಅಲೆ ದಡದ ಮೇಲಕ್ಕೆ ಹಾರ್ತವೆ. ಅಪ್ಪನ ಬೂಟು ಮೇಲೆ ಬಿಡಬೇಡ. ಉಪ್ಪುನೀರು ಕುಡಿದರೆ ಚರ್ಮ ಬಿರಿದುಬಿಡ್ತದೆ. ಚೀಲದಲ್ಲಿ ಸುತ್ತಿ ಜೊತೆಗೇ ಇಟ್ಕೋ."

"ಬೂಟಿಗೂ ಉಪವಾಸ ಮಾಡಿಸ್ತೀಯ ಬಿಡು" ಎಂದು ಹೇಳಿ ಅವನು ಹೊರಟುಹೋದ.

ಸಂಜೆ ಅವಳು ಸೂಪಿನ ಪಾತ್ರೆ, ತಂದೂರಿನಲ್ಲಿ ಸುಟ್ಟ ರೊಟ್ಟಿ, ಮೊಟ್ಟೆ ತುಂಬಿ ಕರಿದ ಬ್ರೀಕ್ ಎಲ್ಲವನ್ನೂ ಬುಟ್ಟಿಗೆ ತುಂಬಿ, ಬಿಳಿಯ ಸಫ್ಸಾರಿಯನ್ನು ತಲೆಯಿಂದ ಕಾಲಿನವರೆಗೆ ಹೊದ್ದು ಹೊರಟಳು. ಗಂಡನ ಹೆಸರಿನಲ್ಲಿ ದಿನಾ ಗೇಟಿನವರಿಗೂ ಇಷ್ಟು ಊಟ ಒಯ್ಯುವುದು ಅವಳು ಇಟ್ಟುಕೊಂಡ ನೇಮ. ಗಾಳಿ ಸಫ್ಸಾರಿಯನ್ನು ಎಳೆಯುತ್ತಿತ್ತು. ಇಳಿಜಾರಿನಲ್ಲಿ ಬರುವಾಗ ಸೈರನ್ ಕೂಗಿತು.

ಅವಳು ನಿಂತಳು. ಪಡುವಣ ಗುಡ್ಡದ ಮೇಲೆ ಸೂರ್ಯ ಇನ್ನೂ ಎರಡು ಬೆರಳಷ್ಟು ಎತ್ತರದಲ್ಲಿದ್ದ. ಪಕ್ಕದ ಮನೆಯ ಕಿಟಕಿಯಿಂದ ಒಬ್ಬ ಹೆಂಗಸು ಒಳಗಿನವರಿಗೆ ಕೂಗುತ್ತಿದ್ದಳು: "ಮುಟ್ಟಬೇಡ್ರೋ! ಇನ್ನೂ ಆಗಿಲ್ಲ, ಅದು ಸೇತುವೆದು!"

ಸೇತುವೆಯ ಬಳಿ ಅಡ್ಡಗಂಬ ಇಳಿದಿತ್ತು. ಮನೆಗೆ ಧಾವಿಸುತ್ತಿದ್ದ ಕಾರುಗಳೆಲ್ಲ ಸಾಲುಗಟ್ಟಿ ಹಾರನ್ ಒತ್ತುತ್ತಿದ್ದವು. ಒಬ್ಬ ದಪ್ಪ ಮೀಸೆಯವನು ಕಾರಿನಿಂದ ಅರ್ಧ ಮೈ ಹೊರಗೆ ಹಾಕಿ ಮೇಸ್ತ್ರಿ ಶಾಜ್ಲಿಯ ಮೇಲೆ ಕೂಗಾಡುತ್ತಿದ್ದ.

"ಇಫ್ತಾರ್ ಹೊತ್ತಿಗೆ ಸೇತುವೆ ಎತ್ತು ಅಂತ ನಿಂಗೆ ಯಾವ ಶೈತಾನ ಹೇಳಿಕೊಟ್ಟ? ರಂಜಾನ್‌ನಲ್ಲಿ ಶೈತಾನರನ್ನೆಲ್ಲ ಕಟ್ಟಿಹಾಕಿರ್ತಾರಲ್ಲಪ್ಪ!"

"ಒಬ್ಬನ್ನ ಬಿಟ್ಟಿದಾರೆ ಅಣ್ಣ. ನಿನ್ನ ಕಾರಲ್ಲೇ ಕೂತು ಹಾರನ್ ಒತ್ತುತಾ ಇದಾನೆ."

ಸುತ್ತಲಿನವರು ನಕ್ಕರು. ಮನ್ನೂಬಿಯಾ ನಗಲಿಲ್ಲ. ಶಾಜ್ಲಿಯ ತೋಳು ಹಿಡಿದಳು.

"ಯಾಕೆ ಮಗಾ, ಇಷ್ಟು ಬೇಗ?"

"ಗೋಧಿ ಹಡಗು ಚಿಕ್ಕಮ್ಮ. ಗಾಳಿ ಏರ್ತಾ ಇದೆ, ಕತ್ತಲಾದ್ರೆ ಒಳಗೆ ತರೋಕಾಗಲ್ಲ ಅಂತ ಬಂದರಿನವರು ಫೋನ್ ಮಾಡಿದ್ರು. ಇವತ್ತೊಂದು ದಿನ ಇಫ್ತಾರ್‌ಗೆ ಮುಂಚೆನೇ ಎತ್ತುತಾ ಇದೀವಿ."

"ಹುಡುಗರು?"

"ಎಲ್ಲರನ್ನೂ ಮೇಲೆ ಕರೆದೆ. ಗಾಳಿ ಅಂತ ಆಚೆ ದಡದಲ್ಲಿ ಗೋಡೆ ಮರೆಗೆ ಕೂತಿದಾರೆ."

"ತ್ರಾಕಿನ ನೀನು ಕಣ್ಣಾರೆ ಕಂಡ್ಯಾ?"

ಶಾಜ್ಲಿ ಆಚೆ ದಡದ ಕಡೆಗೆ ಕೈ ತೋರಿಸಿದ. "ಅವನೂ ಅಲ್ಲೇ ಇರ್ತಾನೆ ಚಿಕ್ಕಮ್ಮ. ಹೊಂಡದ ಬಾಯಲ್ಲಿ ಒಂದು ಜೊತೆ ಬೂಟೂ ಉಳಿದಿಲ್ಲ. ನಾನೇ ಹೋಗಿ ನೋಡಿದೆ. ಬೂಟಿಲ್ಲ ಅಂದ್ರೆ ಆಳಿಲ್ಲ."

ಮನ್ನೂಬಿಯಾಳ ಕೈಯಿಂದ ಬುಟ್ಟಿ ಜಾರಿತು. ಸೂಪು ಚೆಲ್ಲಿ ಟಾರಿನ ಮೇಲೆ ಹರಿಯಿತು. ಅವಳ ಕಣ್ಣಿಗೆ ಅದು ಕಾಣಲಿಲ್ಲ. ಕಂಡದ್ದು ಮಗ. ಹೊಂಡದ ಕೊನೆಯ ಮೂಲೆಯಲ್ಲಿ, ಗಾರೆ ಕೆರೆಯುವ ಯಂತ್ರದ ಗದ್ದಲದಲ್ಲಿ ಮೇಸ್ತ್ರಿಯ ಕರೆ ಕೇಳಿಸಿಕೊಳ್ಳದ ಮಗ. ಪಕ್ಕದಲ್ಲಿ ಚೀಲ, ಚೀಲದಲ್ಲಿ ತಂದೆಯ ಬೂಟು. ಅಲ್ಲಿಂದ ಆಕಾಶ ಕಾಣಿಸದು. ಸೈರನ್ ಕೇಳಿ ಯಂತ್ರ ನಿಲ್ಲಿಸಿದ್ದಾನೆ. ಅವಳು ಹೇಳಿಕೊಟ್ಟ ಹಾಗೆಯೇ ಇದ್ದಲ್ಲೇ ಕುಳಿತು ಖರ್ಜೂರ ಬಾಯಿಗೆ ಹಾಕಿಕೊಂಡಿದ್ದಾನೆ. ನೀರು ಕುಡಿದಿದ್ದಾನೆ. ಈಗ ರಟ್ಟು ಹಾಸಿ ನಮಾಜಿಗೆ ನಿಂತಿದ್ದಾನೆ, ಆತುರವಿಲ್ಲದೆ. ನಿಧಾನಕ್ಕೆ ಹತ್ತಿ ಬಾ ಎಂದವಳು ಅವಳೇ.

"ಕೆಳಗಿದಾನೆ" ಎಂದಳು. ಮತ್ತೆ ಕೂಗಿದಳು: "ಕೆಳಗಿದಾನೆ! ಬೂಟು ಅವನ ಹತ್ರ ಇದೆ! ನಿಲ್ಸು!"

ಅಷ್ಟರಲ್ಲಿ ನೆಲ ನಡುಗಿತು. ಸೇತುವೆಯ ನಡುಭಾಗ ಸೀಳಿಕೊಂಡು, ರಸ್ತೆಯೇ ಎದ್ದು ನಿಲ್ಲುವಂತೆ, ಮೆಲ್ಲಗೆ ಮೇಲೇಳತೊಡಗಿತು.

ಶಾಜ್ಲಿ ಗೇಟಿನ ಫೋನನ್ನು ಕಿತ್ತುಕೊಂಡ. ಸೇತುವೆ ಎತ್ತುವ ಜಲ್ಲೂಲ್ ಕೂರುವುದು ಆಚೆ ದಡದ ಗೋಪುರದ ಗಾಜಿನ ಕೋಣೆಯಲ್ಲಿ. ಅವನ ದನಿ ಫೋನಿನಿಂದ ಹೊರಗೂ ಕೇಳುತ್ತಿತ್ತು.

"ನಿಲ್ಲಿಸೋದಾ? ಹುಚ್ಚು ಹಿಡೀತಾ ನಿಂಗೆ? ಹಡಗು ಕಾಲುವೆ ಬಾಯಿಗೆ ಬಂದಾಯ್ತು, ಗಾಳಿ ಹಿಂದಿನಿಂದ ನೂಕ್ತಾ ಇದೆ! ಹೊಂಡ ಖಾಲಿ ಅಂತ ನೀನೇ ತಾನೇ ಹೇಳಿದ್ದು?"

"ಹೇಳ್ದೆ... ಬೂಟು ಇರಲಿಲ್ಲ. ಆದ್ರೆ ಅವರಮ್ಮ..."

"ಆದ್ರೆ ಗೀದ್ರೆ ಬೇಡ. ಇದಾನೋ ಇಲ್ವೋ, ಒಂದು ಮಾತು ಹೇಳು!"

ಶಾಜ್ಲಿ ಫೋನು ಹಿಡಿದುಕೊಂಡೇ ಹೊಂಡದ ಕಡೆಗೆ ತಿರುಗಿ ನೋಡಿದ. ಇದ್ದಾನೆ ಎನ್ನಲು ಅವನು ನೋಡಿರಲಿಲ್ಲ. ಇಲ್ಲ ಎನ್ನಲೂ ನೋಡಿರಲಿಲ್ಲ.

ಮನ್ನೂಬಿಯಾ ಉತ್ತರಕ್ಕೆ ಕಾಯಲಿಲ್ಲ. ಅಡ್ಡಗಂಬದ ಕೆಳಗೆ ನುಸುಳಿದಳು. ಯಾರೋ ಕೂಗಿದರು, ಯಾರೋ ಸೆರಗಿಗೆ ಕೈ ಹಾಕಿದರು, ಅವಳು ಕೊಡವಿಕೊಂಡಳು. ಖಾಲಿ ರಸ್ತೆಯ ಮೇಲೆ ಓಡಿದಳು. ಇಷ್ಟು ದಿನ ತಲೆಯೆತ್ತಿ ನೋಡದ ಸೇತುವೆ ಅವಳ ಎದುರಿಗೆ ಗೋಡೆಯಂತೆ ಏಳುತ್ತಿತ್ತು. ಅದು ಮೇಲಕ್ಕೆ ಹೋದಷ್ಟೂ ಅವಳ ಕಾಲಿನ ಕೆಳಗೆ, ಕತ್ತಲಲ್ಲಿ, ಅದರ ಹಿಂದಿನ ತೂಕ ಮಗನ ಕಡೆಗೆ ಇಳಿಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಏಳುವ ತುಂಡು ಶುರುವಾಗುವ ಅಂಚಿಗೆ ಹೋಗಿ ನಿಂತಳು. ಒಂದು ಹೆಜ್ಜೆ ಮುಂದಿಟ್ಟರೆ ಬಿರುಕು. ಬಿರುಕಿನಿಂದ ತಣ್ಣಗಿನ, ಪಾಚಿ ವಾಸನೆಯ ಗಾಳಿ ಬರುತ್ತಿತ್ತು.

"ತ್ರಾಕೀ!" ಎಂದು ಅದರೊಳಗೆ ಕೂಗಿದಳು. ಹಲ್ಲುಚಕ್ರಗಳ ಸದ್ದು ಅವಳ ಕೂಗನ್ನು ನುಂಗಿಬಿಟ್ಟಿತು.

ಅವಳು ತಲೆಯ ಮೇಲಿನ ಸಫ್ಸಾರಿಯನ್ನು ಕಿತ್ತಳು. ಮದುವೆಯಾದಂದಿನಿಂದ ಪರಗಂಡಸರ ಎದುರು ಬರಿತಲೆಯಲ್ಲಿ ನಿಂತವಳಲ್ಲ. ಈಗ ನೆರೆತ ಕೂದಲು ಗಾಳಿಗೆ ಹಾರಾಡುತ್ತಿರಲು, ಆ ಬಿಳಿಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಪುರದ ಕಡೆಗೆ ಬೀಸಿದಳು. ಯಾ ರಬ್ಬಿ, ಒಬ್ಬನನ್ನು ಕೊಟ್ಟಾಗಿದೆ. ನೀನು ನಂಬಿ ಕೊಟ್ಟಿದ್ದ ಅಮಾನತು ಎಂದು ಸುಮ್ಮನೆ ಒಪ್ಪಿಸಿದ್ದೇನೆ. ಇವನನ್ನು ಬಿಡು. ಅಷ್ಟು ಬಿಟ್ಟು ಬೇರೆ ಪ್ರಾರ್ಥನೆ ಅವಳಿಗೆ ಹೊಳೆಯಲಿಲ್ಲ.

ಗೋಪುರದ ಧ್ವನಿವರ್ಧಕ ಗದರಿತು: "ಯಾರಮ್ಮ ಅದು! ಹಿಂದೆ ಹೋಗು! ಬೀಳ್ತೀಯ!"

ಅವಳು ಹಿಂದೆ ಹೋಗಲಿಲ್ಲ. ಬಿರುಕಿನ ಕಡೆಗೆ ಕೈತೋರಿಸಿ, ಅಂಚಿನಲ್ಲೇ ಕುಳಿತುಬಿಟ್ಟಳು.

ಜಲ್ಲೂಲ್ ಅವಳನ್ನು ಗುರುತಿಸಿದನೋ, ಅಂಚಿನಲ್ಲಿ ಮನುಷ್ಯರಿರುವಾಗ ಎತ್ತಬಾರದೆಂಬ ನಿಯಮವೇ ಅವನ ಕೈ ಹಿಡಿಯಿತೋ, ಸೇತುವೆ ಪೂರ್ತಿ ಏಳುವ ಮೊದಲೇ ಒಂದು ದೊಡ್ಡ ನರಳಾಟದೊಂದಿಗೆ ನಿಂತಿತು. ಕಾಲುವೆಯ ಬಾಯಲ್ಲಿ ಹಡಗು ಸಿಟ್ಟಿನಿಂದ ಕೂಗಿತು, ಮತ್ತೆ ಮತ್ತೆ ಕೂಗಿತು. ಅದರ ಹಿಂದೆ ಕಟ್ಟಿದ್ದ ಎಳೆಯುವ ದೋಣಿಗಳು ನೊರೆಯೆಬ್ಬಿಸುತ್ತ ಅದನ್ನು ಹಿಂದಕ್ಕೆ ಜಗ್ಗತೊಡಗಿದವು. ಹಗ್ಗ ತುಂಡಾದರೆ ಗೋಧಿ ತುಂಬಿದ ಆ ಬೆಟ್ಟ ನೇರ ಸೇತುವೆಗೇ ಬಂದು ಬಡಿಯುತ್ತದೆ. ಎಲ್ಲರಿಗೂ ಅದು ಕಾಣುತ್ತಿತ್ತು. ಯಾರೂ ಓಡಲಿಲ್ಲ.

ಸೇತುವೆ ಇಳಿಯತೊಡಗಿತು. ಎಷ್ಟು ಮೆಲ್ಲಗೆ ಎದ್ದಿತ್ತೋ ಅಷ್ಟೇ ಮೆಲ್ಲಗೆ. ತೂಕ ಮೇಲೆ ಬರುವ ತನಕ ಹೊಂಡದ ಏಣಿ ಬಿಡುವಾಗುವುದಿಲ್ಲ. ಶಾಜ್ಲಿ ದೀಪ ಹಿಡಿದು ಹೊಂಡದ ಬಾಯಿಗೆ ಓಡಿಬಂದು ಮಂಡಿಯೂರಿದ. "ತ್ರಾಕಿ! ಏ ತ್ರಾಕಿ!" ಎಂದು ಕೂಗಿದ. ಇನ್ನೊಮ್ಮೆ ಕೂಗಿದ. ನೀರು ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸಿತು.

ಆ ಹೊತ್ತಿಗೆ ಕೋಟೆಯ ಮೇಲಿನಿಂದ ಇಫ್ತಾರ್ ಸೈರನ್ ಕೂಗಿತು. ಊರಿನ ಮಿನಾರುಗಳಿಂದ ಒಂದರ ಹಿಂದೆ ಒಂದು ಅಜಾನ್ ಎದ್ದಿತು. ಕಾರುಗಳಲ್ಲಿದ್ದವರು ಇಳಿದು ಬಂದು ಅಡ್ಡಗಂಬಕ್ಕೆ ಎದೆಯಾನಿಸಿ ನಿಂತಿದ್ದರು. ಕೆಲವರ ಕೈಯಲ್ಲಿ ಖರ್ಜೂರವಿತ್ತು, ನೀರಿನ ಬಾಟಲಿಯಿತ್ತು. ಒಬ್ಬರೂ ಬಾಯಿಗೆ ಹಾಕಲಿಲ್ಲ.

ಶಾಜ್ಲಿ ಏಣಿಯಲ್ಲಿ ಇಳಿದ. ದೀಪದ ಬೆಳಕು ಗೋಡೆಯ ಮೇಲೆ ಅಲ್ಲಾಡಿ, ಚಿಕ್ಕದಾಗಿ, ಮರೆಯಾಯಿತು. ಮನ್ನೂಬಿಯಾ ಹೊಂಡದ ಬಾಯಿಯ ಕಂಬಿಯನ್ನು ಹಿಡಿದು ನಿಂತಿದ್ದಳು. ಖಾಲಿ ದೋಣಿ ಬಂದ ಸಂಜೆಯೂ ಹೀಗೆಯೇ ಗಾಳಿಯಿತ್ತು, ಹೀಗೆಯೇ ಜನ ಸುತ್ತ ನಿಂತಿದ್ದರು.

ಮೊದಲು ಏಣಿಯ ಮೇಲೆ ಒಂದು ಕೈ ಕಂಡಿತು. ಆಮೇಲೆ ಗಾರೆ ಮೆತ್ತಿದ ತಲೆ. ತ್ರಾಕಿ ಚೀಲವನ್ನು ಎದೆಗೆ ಕಟ್ಟಿಕೊಂಡಿದ್ದ. ಮೇಲೆ ಬಂದವನು ಅಲ್ಲೇ ಕುಳಿತ.

"ಕತ್ತಲಾಯ್ತು" ಎಂದ. "ಸಜ್ದಾದಲ್ಲಿ ಹಣೆ ಊರಿದ್ದೆ. ಎದ್ದು ನೋಡ್ತೀನಿ, ಏಣಿ ಇಲ್ಲ. ತೂಕ ಬಂದು ಮುಚ್ಚಿಬಿಟ್ಟಿತ್ತು. ಕೂಗ್ದೆ, ಕೂಗ್ದೆ... ಬಸಿನೀರಿನ ಗುಂಡಿ ಇದೆಯಲ್ಲ, ಅದರೊಳಗೆ ಕಿವಿ ಮುಚ್ಕೊಂಡು ಮಲಗಿದೆ. ಬೆನ್ನಿಗೆ ಬಂತು ಶಾಜ್ಲಿ. ಬೆನ್ನಿಗೆ ಮುಟ್ಟಿತು. ಅಲ್ಲಿಗೆ ನಿಂತಿತು."

ಶಾಜ್ಲಿ ಅವನ ಅಂಗಿಯ ಬೆನ್ನಿಗೆ ದೀಪ ಹಿಡಿದ. ಉದ್ದಕ್ಕೆ ಕಪ್ಪು ಗ್ರೀಸಿನ ಒಂದು ಪಟ್ಟೆ. ನೋಡಿದವನು ಮುಖ ಆಚೆ ತಿರುಗಿಸಿಕೊಂಡ.

ಮನ್ನೂಬಿಯಾ ಮಗನ ಪಕ್ಕ ಕುಳಿತು ಅವನ ತಲೆಯನ್ನು ಸಫ್ಸಾರಿಯಲ್ಲಿ ಒರೆಸಿದಳು. ಅಜಾನಿನ ಕೊನೆಯ ದನಿ ಗಾಳಿಯಲ್ಲಿ ಕರಗುತ್ತಿತ್ತು. ಅವನು ತಲೆಯೆತ್ತಿ ಆಲಿಸಿದ.

"ಅಮ್ಮಾ, ಇದು ಮಗ್ರಿಬ್ ಅಜಾನು. ಈಗ ಆಗ್ತಿದೆಯಲ್ಲ... ಹಾಗಾದ್ರೆ ಮೊದಲು ಕೂಗಿದ್ದು?"

"ಸೇತುವೆದು."

ಅವನ ಮುಖ ಚಿಕ್ಕ ಮಗುವಿನದಂತೆ ಸಣ್ಣಗಾಯಿತು. "ನಾನು ಹೊತ್ತಿಗೆ ಮೊದಲೇ ಉಪವಾಸ ಮುರಿದುಬಿಟ್ಟೆನಮ್ಮ."

"ಒಂದು ದಿನ ಹೆಚ್ಚಿಗೆ ಉಪವಾಸ ಇದ್ದು ತೀರಿಸಿದರಾಯ್ತು ಮಗಾ" ಎಂದಳು. "ನಾನೂ ನಿನ್ನ ಜೊತೆ ಇರ್ತೀನಿ. ನಿನಗೆ ಹೇಳಿಕೊಟ್ಟವಳು ನಾನಲ್ಲವೇ."

ಜಗಳವಾಡಿದ್ದ ಮೀಸೆಯವನು ಬಂದು ಮುಂದೆ ಮಂಡಿಯೂರಿ ಖರ್ಜೂರ ಹಿಡಿದ. "ಬಾಯಿ ತೆಗೀರಿ ಚಿಕ್ಕಮ್ಮ. ಹೊತ್ತಾಗಿದೆ, ಇನ್ನು ತಡ ಮಾಡಬಾರದು" ಎಂದ. ಅವಳು ಬಿಸ್ಮಿಲ್ಲಾ ಎಂದು ಬಾಯಿಗೆ ತೆಗೆದುಕೊಂಡಳು. ಬಾಯಲ್ಲೇ ಇಟ್ಟುಕೊಂಡು ಕುಳಿತಳು.

ಹಡಗು ಇನ್ನೂ ಕಾಯುತ್ತಿತ್ತು. ಆಚೆ ದಡದಿಂದ ಉಳಿದ ಕೆಲಸದವರನ್ನು ಕರೆತಂದು ಗೇಟಿನ ಬಳಿ ಸಾಲಾಗಿ ನಿಲ್ಲಿಸಿದರು. ಶಾಜ್ಲಿ ಈ ಸಲ ಬೂಟು ನೋಡಲಿಲ್ಲ. ಒಬ್ಬೊಬ್ಬರ ಮುಖದ ಮುಂದೆ ದೀಪ ಹಿಡಿದು, ಹೆಸರು ಹಿಡಿದು ಕೂಗಿ, ಭುಜ ಮುಟ್ಟಿ ನೋಡಿದ. ತ್ರಾಕಿಯ ಭುಜವನ್ನು ಎರಡು ಸಲ ಮುಟ್ಟಿದ. ಆಮೇಲೆ ಫೋನೆತ್ತಿ "ಎತ್ತು" ಎಂದ.

ಸೇತುವೆಯ ಸೈರನ್ ಮತ್ತೆ ಊಳಿಟ್ಟಿತು. ಮಗ ಪಕ್ಕದಲ್ಲೇ ಕುಳಿತಿದ್ದ, ಅವನ ಮೈಯ ಬಿಸಿ ತನ್ನ ಮೈಗೆ ತಾಗುತ್ತಿತ್ತು. ಆದರೂ ಮನ್ನೂಬಿಯಾ ಬೆಚ್ಚಿಬಿದ್ದು ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಹಡಗು ದಾಟುವವರೆಗೂ, ದಾಟಿದ ಮೇಲೆ ರಸ್ತೆ ಇಳಿದು ಕೂಡಿಕೊಳ್ಳುವವರೆಗೂ ಬಿಡಲಿಲ್ಲ. ಮನೆಯ ದಾರಿಯಲ್ಲಿ ಅವನು ತಂದೆಯ ಬೂಟು ಹಾಕಿಕೊಳ್ಳಲು ಕೈ ಬಿಡಮ್ಮ ಎಂದು ಕೇಳಿದಾಗಲೂ ಬಿಡಲಿಲ್ಲ. ತಾನೇ ಬಗ್ಗಿ, ಇನ್ನೊಂದು ಕೈಯಲ್ಲಿ, ಅವನ ಕಾಲಿಗೆ ತೊಡಿಸಿದಳು.