ಇದೇ ಕೊನೆಯ ಸೂಜಿ

"ಒಂದು ಹೆಸರು ಹೇಳಮ್ಮ ತಾಯಿ. ಲಿಂಫಾಯ್ಡೋ, ಮೈಲಾಯ್ಡೋ? ಸಂಜೆಗೆ ಔಷಧಿ ಶುರು ಮಾಡ್ಬೇಕು."

ಫೋನಿನಲ್ಲಿದ್ದವನು ಮಕ್ಕಳ ವಾರ್ಡಿನ ಡಾಕ್ಟರ್, ಲ್ಯಾಬಿನ ಡಾಕ್ಟರ್ ಜೊತೆಯಲ್ಲೇ ಓದಿದವನು. "ಹೇಳ್ತೀನಿ, ಪ್ರಾಣ ತಿನ್ಬೇಡ," ಎಂದು ಅವಳು ಫೋನಿಟ್ಟಳು. ಬೆಳಗಿನಿಂದ ಪರದೆಯ ಮೇಲಿನ ಚುಕ್ಕೆಗಳನ್ನು ದಿಟ್ಟಿಸಿ ಅವಳಿಗೆ ರೋಸಿಹೋಗಿತ್ತು; ಒಂದೊಂದು ಚುಕ್ಕೆ ಒಂದೊಂದು ಕೋಶ. ಪುಟ್ಟ ಹುಡುಗಿಯೊಬ್ಬಳ ಮೂಳೆಯ ಮಜ್ಜೆಯಲ್ಲಿದ್ದ ರಕ್ತಕ್ಯಾನ್ಸರ್ ಕೋಶಗಳು ಲಿಂಫಾಯ್ಡ್, ಮೈಲಾಯ್ಡ್ ಎರಡೂ ಬಗೆಯ ಗುರುತು ತೋರಿಸುತ್ತಿದ್ದವು, ಮದುವೆಯಲ್ಲಿ ಎರಡೂ ಕಡೆಯವರೆಂದು ಹೇಳಿಕೊಂಡು ಓಡಾಡುವ ನೆಂಟರ ಹಾಗೆ. ಬರೀ ಲಿಂಫಾಯ್ಡ್ ಆದರೆ ಗುಣವಾಗುವ ಭರವಸೆ ಹೆಚ್ಚು. ಮಿಶ್ರವಾದರೆ ದಾರಿಯೇ ಬೇರೆ, ಕಷ್ಟದ್ದು. 'ಮಿಶ್ರ' ಎಂದು ಬರೆದು ಕೈತೊಳೆದುಕೊಳ್ಳಲು ಹೊರಟಿದ್ದಳು ಕೂಡ.

ಆಗ ಕಣ್ಣಿಗೆ ಬಿತ್ತು. ಎರಡೂ ಗುರುತು ಹೊತ್ತ ಚುಕ್ಕೆಗಳಲ್ಲಿ ಬಹುಪಾಲು ಸತ್ತ ಕೋಶಗಳು. ಗುರುತು ಹಿಡಿಯಲು ಹಾಕುವ ಬಣ್ಣ ಯಾವುದಾದರೂ ಸತ್ತ ಕೋಶಕ್ಕೆ ಸುಮ್ಮನೆ ಅಂಟಿಕೊಳ್ಳುತ್ತದೆ. ಅವನ್ನು ತೆಗೆದುಹಾಕಿದರೆ ತೀರ್ಮಾನಕ್ಕೆ ಸಾಲುವಷ್ಟು ಬದುಕಿದವೇ ಉಳಿಯಲಿಲ್ಲ. ಶನಿವಾರ ಬಂದ ಮಜ್ಜೆಯನ್ನು ಸೋಮವಾರ ನೋಡಿದರಾಯಿತು ಎಂದು, ಕೋಶಗಳು ಸಾಯುವಷ್ಟು ಹೊತ್ತು ಬಿಟ್ಟವಳು ಅವಳೇ. ತನ್ನ ಮೇಲೇ ಮೈ ಉರಿಯಿತು.

"ಮತ್ತೆ ಮೂಳೆಗೆ ಸೂಜಿನಾ? ತಲೆ ಕೆಟ್ಟಿದ್ಯಾ ನಿಂಗೆ?" ಅವಳು ಫೋನ್ ಮಾಡಿದಾಗ ವಾರ್ಡಿನವನು ರೇಗಿದ. "ಅವರಪ್ಪಂಗೆ ಏನು ಹೇಳ್ಲಿ?"

"ನಾನೇ ಬಂದು ಹೇಳ್ತೀನಿ. ತಪ್ಪು ನಂದು."

ಹುಡುಗಿಯ ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. "ಮೊನ್ನೆ ಚುಚ್ಚುವಾಗ ಇದೇ ಕೊನೆ ಅಂತ ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೀನಿ ಮೇಡಂ," ಎಂದಷ್ಟೇ ಅಂದ.

ಮಗು ಕಿರುಚಿದ್ದು ಕಾರಿಡಾರಿನ ತುದಿಯವರೆಗೂ ಕೇಳಿಸಿತು. ಲ್ಯಾಬಿನ ಡಾಕ್ಟರ್ ಹೊಸ ಮಜ್ಜೆಯ ಕೊಳವೆಯನ್ನು ಅಂಗೈಯಲ್ಲೇ ಹಿಡಿದು ಓಡಿದಳು, ಯಾರ ಕೈಗೂ ಕೊಡಲಿಲ್ಲ.

ಈ ಸಲ ಕೋಶಗಳು ಬದುಕಿದ್ದವು. ಲಿಂಫಾಯ್ಡ್ ಗುರುತುಗಳು ಸ್ಪಷ್ಟವಾಗಿದ್ದವು. ಮೈಲಾಯ್ಡ್ ಕಡೆಯದೊಂದು ಮಂಕಾಗಿ ಉಳಿದಿತ್ತು, ಆದರೆ ಲಿಂಫಾಯ್ಡ್ ಕೋಶಗಳಲ್ಲೂ ಅಂಥದ್ದೊಂದು ದಾರಿತಪ್ಪಿ ಬರುವುದುಂಟು. ಮೈಲಾಯ್ಡ್ ಎಂದು ತೀರ್ಮಾನಿಸುವ ಗುರುತು ಪತ್ತೆಯೇ ಇರಲಿಲ್ಲ. 'ಲಿಂಫಾಯ್ಡ್' ಎಂದು ಬರೆದು ತಾನೇ ವಾರ್ಡಿಗೆ ಹೋದಳು.

ಸುದ್ದಿ ಕೇಳಿ ಅಪ್ಪನ ಕಣ್ಣು ತುಂಬಿತು. ಗೋಡೆಗೆ ಮುಖ ಮಾಡಿ ಮಲಗಿದ್ದ ಮಗಳ ತಲೆ ಸವರಲು ಹೋದ.

"ನೀನು ಸುಳ್ಳು ಹೇಳ್ದೆ," ಎಂದು ಅವಳು ಕೈ ತಳ್ಳಿದಳು.

"ಅಪ್ಪ ಅಲ್ಲ ಪುಟ್ಟಿ, ನಾನು..." ಎಂದಳು ಡಾಕ್ಟರ್. ಹುಡುಗಿ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಅಪ್ಪ ಕೈಯನ್ನು ದಿಂಬಿನ ಅಂಚಿನಲ್ಲಿ, ಅವಳಿಗೆ ತಾಕದ ಹಾಗೆ ಇಟ್ಟು, ಅಲ್ಲೇ ಕೂತ.