ನನ್ನ ರೆಕ್ಕೆಯ ದನಿ ಕೇಳಿದವರು

ನಾನು ಒಂದು ಹೆಲಿಕಾಪ್ಟರ್. ಹುಟ್ಟಿದ್ದು ಬೆಂಗಳೂರಿನ ಕಾರ್ಖಾನೆಯಲ್ಲಿ. ಮುಂದೆ ಗಾಜಿನ ಬುರುಡೆ, ಹಿಂದೆ ಬಾಲ, ತಲೆಯ ಮೇಲೆ ಮೂರು ಉದ್ದನೆಯ ರೆಕ್ಕೆ. ಜನ ನನ್ನ ರೆಕ್ಕೆಗಳನ್ನು ‘ಫ್ಯಾನು’ ಎನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅಲ್ಲ ಸ್ವಾಮಿ, ಫ್ಯಾನು ಎಂದಾದರೂ ಮನುಷ್ಯರನ್ನು ಹೊತ್ತು ಬೆಟ್ಟ ದಾಟಿದ್ದುಂಟೇ?

ನಾನು ದಾಟಿದ್ದೇನೆ. ಮೊದಲ ವರ್ಷಗಳು ಸೈನ್ಯದಲ್ಲಿ ಕಳೆದವು. ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಸೀಮೆಎಣ್ಣೆ, ಅಕ್ಕಿ ಒಯ್ಯುತ್ತಿದ್ದೆ; ಬರುವಾಗ ಚಳಿಗೆ ಕಾಲು ಮರಗಟ್ಟಿದ ಸೈನಿಕರನ್ನು ಕರೆತರುತ್ತಿದ್ದೆ. ವಿಮಾನಕ್ಕೆ ಇಳಿಯಲು ಮೈಲುದ್ದದ ದಾರಿ ಬೇಕು. ನನಗೆ ರಾಗಿ ಬಡಿಯುವ ಕಣದಷ್ಟು ಜಾಗ ಸಾಕು.

ಆಮೇಲೆ ಹರಾಜಿನಲ್ಲಿ ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಪಾಲಾದೆ. ಅಲ್ಲಿ ನನಗೆ ಮೆಕ್ಯಾನಿಕ್ ಯಮನೂರಪ್ಪನವರು ಸಿಕ್ಕರು. ನವಲಗುಂದದ ಕಡೆಯವರು. ಮೂಗಿನ ತುದಿಯಲ್ಲೇ ಕೋಪ. “ಎಷ್ಟು ಹಳೇದ್ರೀ ಇದು?” ಎಂದು ಯಾರಾದರೂ ನನ್ನತ್ತ ಕೈ ತೋರಿಸಿದರೆ ರೇಗುತ್ತಿದ್ದರು.

“ಯಾವುದು ಹಳೇದು? ಎಂಜಿನ್ ಬದ್ಲಿ ಆಗೇತಿ, ರೆಕ್ಕಿ ಬದ್ಲಿ ಆಗ್ಯಾವು. ಟೈಮ್ ಮುಗದ ಸಾಮಾನ ಇದರಾಗ ಒಂದೂ ಉಳಿಯಂಗಿಲ್ಲ. ಹಳೇದು ಅಂದ್ರ ಇಲ್ಲಿ ನಾನ ಒಬ್ಬಾಂವ!”

ರೆಕ್ಕೆ ಪರೀಕ್ಷಿಸಲು ಅವರು ಒಂದು ನಾಣ್ಯ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಬಡಿಯುತ್ತ ಹೋಗುತ್ತಿದ್ದರು. ಗಟ್ಟಿಯಿದ್ದ ಕಡೆ ಠಣ್ ಎನ್ನುತ್ತದೆ, ದಪ್ಪನೆಯ ಬುಡದಲ್ಲಿ ಒಂದು ಬಗೆ, ತೆಳ್ಳನೆಯ ತುದಿಯಲ್ಲಿ ಇನ್ನೊಂದು ಬಗೆ. ಒಳಗೆ ಅಂಟಿಸಿದ ಪದರ ಬಿಟ್ಟುಕೊಂಡಿದ್ದರೆ ಸದ್ದು ಮಂದವಾಗುತ್ತದೆ. ಹೆಂಗಸರು ಮಡಕೆ ಕೊಳ್ಳುವಾಗ ಬಡಿದು ನೋಡುವುದಿಲ್ಲವೇ, ಹಾಗೆ. ನಮ್ಮ ಶೆಡ್ಡಿನಲ್ಲಿ ಇನ್ನೊಂದು ಪದ್ಧತಿಯಿತ್ತು: ಬಡಿದು ನೋಡಿ ‘ಸರಿ’ ಎಂದವರೇ ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕ ಕೂರಬೇಕು. ತಾವು ಕೂರಲಾರದ್ದರಲ್ಲಿ ಬೇರೆಯವರನ್ನು ಕೂರಿಸಬಾರದು.

ಒಂದು ದಿನ ಮದುಮಗನನ್ನು ಮದುವೆ ಮಂಟಪಕ್ಕೆ ಒಯ್ಯುವ ಕೆಲಸ ಬಂತು. ಬೀಗರು ನನ್ನ ಮೂಗಿಗೆ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಕಾಯುತ್ತಿದ್ದರು. ಯಮನೂರಪ್ಪನವರು ಬಡಿಯುತ್ತ ಬಂದರು. ನನ್ನ ಒಂದು ರೆಕ್ಕೆಯೊಳಗೆ ಅಂಗೈಯಗಲ ಪದರ ಬಿಟ್ಟಿತ್ತು. ನನಗದು ಗೊತ್ತಿತ್ತು, ಆದರೆ ಹೇಳಲು ಬಾಯಿಲ್ಲ. ನಾಣ್ಯ ಆ ಜಾಗಕ್ಕೆ ಬಂತು, ಬಡಿಯಿತು, ಮುಂದೆ ಹೋಯಿತು. ಅಯ್ಯೋ, ಕೆಟ್ಟೆವಲ್ಲಪ್ಪ ಎಂದುಕೊಂಡೆ.

ತುದಿ ಮುಟ್ಟಿದವರು ಅಲ್ಲೇ ನಿಂತರು. ಮತ್ತೆ ಬುಡಕ್ಕೆ ಹೋಗಿ ಬಡಿದರು. ತುದಿಗೆ ಬಂದು ಬಡಿದರು.

“ಏನಾಯ್ತು ಯಮನೂರಪ್ಪ? ಮುಹೂರ್ತ ಮೀರ್ತದೆ ಅಂತ ಅವರೆಲ್ಲ ಒದ್ದಾಡ್ತಿದ್ದಾರೆ” ಎಂದರು ಪೈಲಟ್ ಮಂದಣ್ಣ.

‘ಸರಿ’ ಎಂದುಬಿಟ್ಟಿದ್ದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ನಿಜ ಹೇಳಿದರೆ ಅವರ ಲೈಸೆನ್ಸು ಹೋಗುತ್ತಿತ್ತು, ಅದರ ಜೊತೆ ಅವರು ಪ್ರೀತಿಸಿದ ಒಂದೇ ಕೆಲಸವೂ.

“ಬುಡಕ್ಕೂ ತುದೀಗೂ ಒಂದ ಸಪ್ಪಳ ಕೇಳಾಕತ್ತೈತ್ರಿ ಸಾಹೇಬ್ರ. ಹಂಗ ಇರಂಗಿಲ್ಲ.”

“ರೆಕ್ಕೇಲಿ ತೊಂದ್ರೇನಾ?”

“ರೆಕ್ಕಿ ಸುದ್ದಿ ಆಮ್ಯಾಲೆ. ತೊಂದ್ರಿ ನನ್ನ ಕಿವ್ಯಾಗ ಐತಿ.”

ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ನಿಂತ ಕಿವಿಗಳು ಅವು. ನನ್ನ ಗದ್ದಲವೇ ಅವನ್ನು ತಿಂದುಹಾಕಿತ್ತು. ಅವರು ನಾಣ್ಯವನ್ನು ಜೊತೆಯ ಮೆಕ್ಯಾನಿಕ್ ಜೆಸಿಂತಾಳ ಕೈಗಿಟ್ಟು, “ನೀ ನೋಡವಾ ತಂಗಿ” ಎಂದರು. ಮೂಡಬಿದಿರೆಯ ಆಕೆ ಅರ್ಧ ದಾರಿಯಲ್ಲೇ ನಿಂತಳು. “ಇಲ್ಲಿ ಸೌಂಡ್ ಬೇರೆ ಉಂಟು ಸರ್. ಒಳಗೆ ಬಿಟ್ಟಿದೆ.”

ಮದುಮಗ ಕಾರಿನಲ್ಲಿ ಹೋದ. ಬೀಗರು ಶಾಪ ಹಾಕುತ್ತ ನಿಂಬೆಹಣ್ಣುಗಳನ್ನೂ ಹೆಕ್ಕಿಕೊಂಡು ಹೋದರು.

ನನಗೆ ಹೊಸ ರೆಕ್ಕೆ ಬಂತು. ಅವರ ಕಿವಿಗೆ ಬದಲಿ ಎಲ್ಲಿಂದ ತರುವುದು? ಆ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈಗ ನಾನೂ ಹಾರುವುದಿಲ್ಲ. ಕಾಲೇಜೊಂದರ ಅಂಗಳದಲ್ಲಿ ನಿಂತಿದ್ದೇನೆ. ವಿದ್ಯಾರ್ಥಿಗಳು ನನ್ನನ್ನು ಬಿಚ್ಚಿ ಜೋಡಿಸಿ ಕಲಿಯುತ್ತಾರೆ, ‘ಎಷ್ಟು ಗಟ್ಟಿ ಮಾಲು’ ಎಂದು ಹೊಗಳುತ್ತಾರೆ. ಗಟ್ಟಿ ಯಾರು ಎಂದು ನನಗೆ ಗೊತ್ತು. ಹಿಮದ ಬೆಟ್ಟಗಳೆಲ್ಲ ಮಸುಕಾಗಿವೆ. ಹೊಸ ರೆಕ್ಕೆಯ ಮೊದಲ ಹಾರಾಟ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಪದ್ಧತಿಯಂತೆ ಅಂದು ಜೆಸಿಂತಾ ಪೈಲಟ್ ಪಕ್ಕ ಕೂತಳು. ಯಮನೂರಪ್ಪನವರು ಕೆಳಗೆ ಉಳಿದರು. ಅಲ್ಲಿಯವರೆಗೂ, ಬೇರೆಯವರನ್ನು ಹೊತ್ತು ನಾನು ಮೇಲೇರುವಾಗ ಅವರು ನನ್ನನ್ನು ನೋಡಿದ್ದೇ ಇಲ್ಲ. ಕಣ್ಣುಮುಚ್ಚಿ, ತಲೆ ತಗ್ಗಿಸಿ ನನ್ನ ಸದ್ದನ್ನೇ ಆಲಿಸುತ್ತ ನಿಂತಿರುತ್ತಿದ್ದರು. ಅಂದು ಆ ಕಿವಿಗಳನ್ನು ನಂಬುವಂತಿರಲಿಲ್ಲ. ನಿಧಾನವಾಗಿ ತಲೆಯೆತ್ತಿದರು. ನಾನು ಏರಿದಷ್ಟೂ ಅವರ ಕತ್ತು ಹಿಂದಕ್ಕೆ ಬಾಗಿತು, ಬಾಯಿ ತೆರೆಯಿತು. ಕಿವಿ ಮಂದವಾದವರು ಗಟ್ಟಿಯಾಗಿ ಮಾತಾಡುತ್ತಾರಲ್ಲ, ಎಂಜಿನ್ನಿನ ಅಬ್ಬರದ ನಡುವೆಯೂ ನನಗೆ ಕೇಳಿಸಿತು:

“ಯಪ್ಪಾ! ಎಷ್ಟ್ ಚಂದ ಹಾರತೈತಿ ನೋಡ್ರೀ ಇದು!”