ಥೆಂತಿಗೆ ಬರೆಸಿದ ಬಟ್ಟಲು

ಕಾದ ಅಚ್ಚುಗಳಿಗೆ ರೊಟ್ಟಿಯ ಹಿಟ್ಟು ಸುರಿಯುತ್ತಿದ್ದೆ. ಆಗಲೇ ಸುದ್ದಿ ಬಂತು, ನನ್ನ ಗಂಡ ಥೆಂತಿ ಕಲ್ಲಿನಡಿ ಸಿಕ್ಕಿದನೆಂದು. ಕೈ ಕೂಡ ತೊಳೆಯದೆ ಓಡಿದೆ.

ದೊರೆ ತನಗಾಗಿ ಕಟ್ಟಿಸುತ್ತಿದ್ದ ಬೆಟ್ಟದಂಥ ಗೋರಿ ಆಗ ಕಲ್ಲಿನ ಹನ್ನೆರಡನೇ ವರಸೆಗೆ ಏರಿತ್ತು. ಕಲ್ಲು ಸಲೀಸಾಗಿ ಜಾರಲೆಂದು ಅದರಡಿಗೆ ಹಸಿ ಗಾರೆ ಬಳಿಯುವುದು ಥೆಂತಿಯ ಕೆಲಸ. ಅವನು ಈಚೆ ಬರುವ ಮೊದಲೇ ಮೇಸ್ತ್ರಿ ಸೆನೆನು "ತಳ್ರೋ" ಅಂದಿದ್ದ. ಹೊರಗೆ ಕಾಣುತ್ತಿದ್ದುದು ಒಂದೇ ಪಾದ. ಅದರ ಬೆರಳು ಅಲ್ಲಾಡುತ್ತಿತ್ತು.

"ಗಾರೆ ಇನ್ನೂ ಹಸಿ ಇದೆ ಅಣ್ಣ, ಸನ್ನೆಗೋಲು ಹಾಕಿ ಎತ್ಸಿ" ಅಂದೆ ಮೇಸ್ತ್ರಿಗೆ.

"ಎತ್ತಿದ್ರೆ ಸಂಜೆವರೆಗೂ ಇಲ್ಲೇ ಕೂತಿರ್ಬೇಕು. ಆ ಮಗ್ಗುಲಿನ ತಂಡ ಆಗ್ಲೇ ಎರಡು ಕಲ್ಲು ಮುಂದಿದೆ. ಅವ್ರ ಕೈಲಿ ನಗಿಸ್ಕೊಳ್ಳೋದಾ?"

"ಹೆಣಾನೂ ಇಲ್ದೆ ಗೋರಿ ಹೆಂಗೆ ಮಾಡ್ಲಿ?"

"ಗೋರಿನಾ? ದೊರೆ ಮಗ್ಗುಲಲ್ಲೇ ಮಲಗಿದಾನಲ್ಲೇ ತಾಯಿ! ಇಷ್ಟು ದೊಡ್ಡ ಗೋರಿ ಇನ್ಯಾರಿಗಿದೆ?"

ತಂಡದವರು ನಕ್ಕರು. ಮುಂದಿನ ಕಲ್ಲು ಬಂದು ಪಾದವನ್ನೂ ಮುಚ್ಚಿತು.

ಸತ್ತವರಿಗೆ ಹೇಳಬೇಕಾದ್ದನ್ನು ಬಟ್ಟಲಿನೊಳಗೆ ಬರೆಸಿ ಅವರ ಗೋರಿಯಲ್ಲಿಡುವುದು ನಮ್ಮ ವಾಡಿಕೆ. ಲಿಪಿಕಾರ ಮುದುಕನ ಕೈಯಲ್ಲಿ ಒಂದು ಬಟ್ಟಲಿನೊಳಗೆ ಥೆಂತಿಗೆ ಓಲೆ ಬರೆಸಿದೆ. "ಯಾವ ಗೋರೀಲಿ ಇಡ್ತೀಯಕ್ಕ? ಗೋರಿ ಇಲ್ದೆ ಇದು ಸತ್ತೋರಿಗೆ ಮುಟ್ಟಲ್ಲ" ಅಂದ. ಬೇರೆ ಹೆಣದ ತಲೆಯ ಬಳಿ ಇಟ್ಟರೆ ಆ ಸತ್ತವರೇ ಒಯ್ದು ಮುಟ್ಟಿಸುತ್ತಾರೆ; ಹಾಗೆ ಕಳಿಸೋಣವೆಂದರೆ, ಮೇಸ್ತ್ರಿಯ ಮೇಲಿನ ದೂರನ್ನು ತಮ್ಮವರ ತಲೆಯ ಬಳಿ ಇಡಲು ಯಾರಿಗೂ ಧೈರ್ಯವಿಲ್ಲ. ಹನ್ನೊಂದು ವರ್ಷ ಬಟ್ಟಲು ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ದೊರೆಯ ಗೋರಿಗೆ ತುದಿಯಿಂದ ಬುಡದವರೆಗೆ ಬಿಳಿಕಲ್ಲು ಹೊದಿಸಿ ಉಜ್ಜಿದರು. ಬಿಸಿಲು ಬಿದ್ದರೆ ಕಣ್ಣು ಬಿಡಲಾಗದು. ಬಂದ ನೆಂಟರೆಲ್ಲ "ಎಷ್ಟು ಚೆಂದ" ಎನ್ನುತ್ತಿದ್ದರು. ನಾನೂ ಹೂಂ ಅನ್ನುತ್ತಿದ್ದೆ.

ಮೊನ್ನೆ ಸೆನೆನು ಕಲ್ಲುದೂಳಿನ ಕೆಮ್ಮಿಗೆ ಸತ್ತ. ಗುಡ್ಡದ ಇಳಿಜಾರಿನಲ್ಲಿ ಅವನಿಗೊಂದು ಮಣ್ಣಿಟ್ಟಿಗೆಯ ಗೋರಿ. ಬಟ್ಟಲ ತುಂಬ ರೊಟ್ಟಿ ಇಟ್ಟುಕೊಂಡು ಹೋದೆ. ಅವನ ಹೆಂಡತಿ ಖೆನುತ್ ನನ್ನ ಕೈ ಹಿಡಿದು ಅತ್ತಳು.

"ಎಲ್ಲಾ ಮರೆತು ಬಂದ್ಯಲ್ಲಕ್ಕ! ನಿನ್ ರೊಟ್ಟಿ ಅಂದ್ರೆ ಅವ್ರಿಗೆ ಪ್ರಾಣ."

"ತಲೆ ಹತ್ರ ನೀನೇ ಇಡವ್ವ. ನಿನ್ ಕೈಯಿಂದ್ಲೇ ಹೋಗ್ಲಿ."

ರೊಟ್ಟಿಯ ಅಡಿಯಲ್ಲಿ ಕೆಂಪು ಅಕ್ಷರ ಹಾಗೇ ಇತ್ತು: "ಥೆಂತಿ, ನಿನ್ನನ್ನು ಜೀವಂತ ಮುಚ್ಚಿಸಿದವನು ಸೆನೆನು. ಸತ್ತವರ ನ್ಯಾಯಸ್ಥಾನಕ್ಕೆ ಅವನನ್ನು ಎಳೆ. ಅವನ ಮನೆಯಲ್ಲಿ ಒಬ್ಬರನ್ನೂ ಉಳಿಸಬೇಡ."

ಖೆನುತ್ ಕಣ್ಣೊರೆಸಿಕೊಂಡು, ಬಗ್ಗಿ, ಬಟ್ಟಲನ್ನು ಗಂಡನ ತಲೆಯ ಬಳಿ ಜೋಪಾನವಾಗಿ ಇಟ್ಟಳು.